ಎರಡು ವೈರಸ್, ಒಂದೇ ಮಾತ್ರೆ

ಎಚ್‌ಐವಿ ಇರುವವರಲ್ಲಿ ಎಷ್ಟು ಜನರಿಗೆ ಹೆಪಟೈಟಿಸ್ ಬಿ ಕೂಡ ಇದೆ? ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕೊಟ್ಟ ಅಂದಾಜು ಶೇ 7.4. ಅಂದರೆ ಜಗತ್ತಿನಲ್ಲಿ ಸುಮಾರು 27 ಲಕ್ಷ ಜನ. ಕಾರಣ ಸರಳ, ಎರಡೂ ಹರಡುವ ದಾರಿ ಒಂದೇ: ಸೋಂಕಿನ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿ, ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ತಾಯಿಯಿಂದ ಮಗುವಿಗೆ.

ಮೊದಲು ಸಿಕ್ಕಿದ್ದು ಹೆಪಟೈಟಿಸ್ ಬಿ. 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರಿಗೆ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅದರ ಗುರುತು ಕಂಡಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಎಚ್‌ಐವಿ ಪತ್ತೆಯಾಗಿದ್ದು 1983ರಲ್ಲಿ, ಪ್ಯಾರಿಸ್‌ನಲ್ಲಿ. ಭಾರತದಲ್ಲಿ ಅದನ್ನು 1986ರಲ್ಲಿ ಗುರುತಿಸಿದವರು ಚೆನ್ನೈನ ಡಾ. ಸುನೀತಿ ಸೊಲೊಮನ್ ಮತ್ತು ಡಾ. ನಿರ್ಮಲಾ.

ಆಗ ಲಿವರ್ ಕಡೆ ಹೆಚ್ಚು ಗಮನ ಹೋಗಲಿಲ್ಲ. ಏಡ್ಸ್ ರೋಗಿಗಳನ್ನು ಟಿಬಿ, ನ್ಯುಮೋನಿಯಾಗಳೇ ಬೇಗ ಕೊಲ್ಲುತ್ತಿದ್ದವು. 1996ರ ಹೊತ್ತಿಗೆ ಹಲವು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು, ಆಯಸ್ಸು ಹೆಚ್ಚಿತು. ಮರೆಯಲ್ಲಿದ್ದ ಲಿವರ್ ಕಾಯಿಲೆ ಆಗ ಮುಂದೆ ಬಂತು.

ಲ್ಯಾಮಿವುಡಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1995ರಲ್ಲಿ ಎಚ್‌ಐವಿಗೆ, 1998ರಲ್ಲಿ ಹೆಪಟೈಟಿಸ್ ಬಿಗೆ ಒಪ್ಪಿಗೆ ಸಿಕ್ಕಿತು. ಒಂದೇ ಮಾತ್ರೆ ಎರಡಕ್ಕೂ! ಆದರೆ ಹೆಪಟೈಟಿಸ್ ಬಿ ವಿರುದ್ಧ ಅದೊಂದನ್ನೇ ನಂಬಿದರೆ ಎಚ್‌ಐವಿಯೂ ಇರುವ ಹತ್ತರಲ್ಲಿ ಒಂಬತ್ತು ಜನರಲ್ಲಿ ನಾಲ್ಕೇ ವರ್ಷದಲ್ಲಿ ವೈರಸ್ ಅದಕ್ಕೆ ಬಗ್ಗದಂತಾಗುತ್ತಿತ್ತು.

ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಆಗ ಎಲ್ಲರಿಗೂ ಮೊದಲು ಕೊಡುತ್ತಿದ್ದ ಮಾತ್ರೆಗಳಲ್ಲಿ ಹೆಪಟೈಟಿಸ್ ಬಿ ಮೇಲೆ ಕೆಲಸ ಮಾಡುತ್ತಿದ್ದುದು ಲ್ಯಾಮಿವುಡಿನ್ ಮಾತ್ರ. ಈಗ ಹೆಚ್ಚಿನವರಿಗೆ ಸಿಗುವ ದಿನಕ್ಕೊಂದು ಮಾತ್ರೆಯಲ್ಲಿ ಲ್ಯಾಮಿವುಡಿನ್ ಜೊತೆ ಟೆನೊಫೊವಿರ್ ಇದೆ. ಅದು ಎರಡೂ ವೈರಸ್‌ಗಳನ್ನು ಗಟ್ಟಿಯಾಗಿ ಹಿಡಿದಿಡುತ್ತದೆ.

ಹಾಗಾಗಿ ಎರಡೂ ಇರುವವರು "ಈಗ ಆರಾಮಾಗಿದ್ದೀನಿ" ಎಂದು ಮಾತ್ರೆ ಬಿಟ್ಟರೆ ಲಿವರ್ ಒಮ್ಮೆಲೇ ಕೆಡಬಹುದು, ಜೀವಕ್ಕೂ ಕುತ್ತು. ಮಾತ್ರೆ ಬದಲಿಸುವಾಗಲೂ ಹೆಪಟೈಟಿಸ್ ಬಿ ಇದೆ ಎಂದು ವೈದ್ಯರಿಗೆ ನೆನಪಿಸಬೇಕು.

ಕಣ್ಣು ಹಳದಿಯಾಗಲಿ ಎಂದು ಕಾಯಬೇಡಿ. ಎಷ್ಟೋ ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ಕಾಮಾಲೆಗೆ ಕೊಡುವ ಸೊಪ್ಪಿನ ಮದ್ದು ಈ ವೈರಸ್ಸನ್ನು ತಡೆಯುವುದಿಲ್ಲ. ಎಆರ್‌ಟಿ ಕೇಂದ್ರದಲ್ಲಿ ಕೇಳಿ: "ನನಗೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ?" 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಟೆಸ್ಟ್, ಔಷಧಿ ಎರಡೂ ಉಚಿತ. ಸೋಂಕು ಇಲ್ಲದಿದ್ದರೆ ಲಸಿಕೆ ಕೇಳಿ. ಮನೆಯಲ್ಲಿ ಮಗು ಹುಟ್ಟಿದರೆ 24 ಗಂಟೆಯೊಳಗೆ ಮೊದಲ ಡೋಸ್ ಹಾಕಿಸಿ.