ಹಂಪಿಯ ಕುಲಾವಿ

1782ರಲ್ಲಿ ಬರ್ಲಿನ್ನಿನ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆಯನ್ನು ಸಾರಿತು. ಫ್ರೆಂಚ್ ಭಾಷೆ ಇಡೀ ಯುರೋಪಿನ ಭಾಷೆಯಾದದ್ದು ಹೇಗೆ, ಆ ಹಿರಿಮೆ ಅದಕ್ಕೆ ಸಲ್ಲುತ್ತದೆಯೇ, ಅದು ಉಳಿದೀತೇ ಎಂಬುದು ವಿಷಯ. 1784ರಲ್ಲಿ ಬಹುಮಾನವನ್ನು ಇಬ್ಬರಿಗೆ ಹಂಚಿದರು. ಅವರಲ್ಲಿ ಫ್ರಾನ್ಸಿನ ರಿವಾರೋಲ್ ಒಬ್ಬ. ಅವನ ಉತ್ತರಕ್ಕಿಂತ ಆ ಪ್ರಶ್ನೆ ಹುಟ್ಟಿದ ಜಾಗವೇ ಹೆಚ್ಚು ಹೇಳುತ್ತದೆ. ಕೇಳಿದ್ದು ಜರ್ಮನ್ ನಾಡಿನ ಸಂಸ್ಥೆ, ಕೇಳಿದ್ದು ಫ್ರೆಂಚಿನಲ್ಲಿ. ಅದರ ಪೋಷಕನಾದ ದೊರೆ ಎರಡನೆಯ ಫ್ರೆಡೆರಿಕ್ ಬರೆಯುತ್ತಿದ್ದದ್ದು ಫ್ರೆಂಚಿನಲ್ಲೇ. ಅವನು ವೊಲ್ಟೇರನನ್ನು ಕರೆಸಿ ಆಸ್ಥಾನದಲ್ಲಿ ಇಟ್ಟುಕೊಂಡಿದ್ದ. ಅದೇ ಫ್ರೆಡೆರಿಕ್ 1757ರಲ್ಲಿ ರಾಸ್‌ಬಾಕ್ ಬಯಲಿನಲ್ಲಿ ಫ್ರೆಂಚ್ ಸೇನೆಯನ್ನು ಧೂಳೀಪಟ ಮಾಡಿದವನು. ಯಾರ ಮೇಲೆ ಕತ್ತಿ ಎತ್ತಿದನೋ ಅವರದೇ ನುಡಿ, ನಡೆ, ಉಡುಗೆ ಅವನ ಮನೆಯೊಳಗಿತ್ತು. ಅದು ಅವನಿಗೆ ಸೋಲಾಗಿ ಕಾಣಲಿಲ್ಲ. ಹೊಸಪೇಟೆಯಿಂದ ಹಂಪಿಯ ಕಡೆಗೆ ಹೊರಟು, ಅರಮನೆಯ ಆವರಣದ ಕಮಾನುಗಳ ಕೆಳಗೆ ನಿಂತವರು ಈ ಫ್ರೆಡೆರಿಕ್‌ನನ್ನು ನೆನೆಯಬೇಕು. ಹದಿನೆಂಟನೆಯ ಶತಮಾನದ ಯುರೋಪಿಗೆ ಫ್ರೆಂಚ್ ಏನಾಗಿತ್ತೋ, ಹದಿನಾಲ್ಕರಿಂದ ಹದಿನಾರನೆಯ ಶತಮಾನದ ದಖ್ಖನಿಗೆ ಪಾರಸೀಕ ಸಂಸ್ಕೃತಿ ಹೆಚ್ಚುಕಡಿಮೆ ಅದೇ ಆಗಿತ್ತು. ವಿಜಯನಗರದ ರಾಯರು ಅದನ್ನು ಸೋತು ಒಪ್ಪಿಕೊಂಡವರಲ್ಲ, ಬೇಕೆಂದು ಆಯ್ದುಕೊಂಡವರು.

ಈ ಮಾತಿಗೆ ಮೊದಲ ಅಡ್ಡಿ ಕಂಪ್ಲಿಯಿಂದಲೇ ಬರುತ್ತದೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೇನೆ ಕಂಪಿಲರಾಯನ ರಾಜ್ಯವನ್ನು ಅಳಿಸಿಹಾಕಿತು. ತುಘಲಕ್‌ನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಷಾಸ್ಪ್‌ನಿಗೆ ಕಂಪಿಲ ಆಶ್ರಯ ಕೊಟ್ಟದ್ದೇ ಅದಕ್ಕೆ ನೆಪ. ಕಂಪಿಲನ ಕೊನೆಯ ದಿನಗಳನ್ನೂ ಸೆರೆಯಾಗಿ ಹೋದ ಅವನ ಮಕ್ಕಳನ್ನೂ ಕುರಿತು ಇಬ್ನ್ ಬತೂತ ಬರೆದಿದ್ದಾನೆ. ನಮ್ಮ ಕಡೆ ಆ ನೋವು ಕಂಪಿಲನ ಮಗ ಕುಮಾರರಾಮನ ಕಥೆಯಾಗಿ ಉಳಿದಿದೆ. ಹೀಗಿರುವಾಗ, ಉತ್ತರದ ಸುಲ್ತಾನರ ರೀತಿ ಇಲ್ಲಿಗೆ ಬಂದದ್ದು ಕುದುರೆಯ ಗೊರಸಿನೊಂದಿಗೆ, ಆಯ್ಕೆಯ ಮಾತೆಲ್ಲಿ ಎಂದು ಕೇಳಬಹುದು. ಬಾಗಿಲು ತೆರೆದದ್ದು ಬಲವೇ, ನಿಜ. ಹದಿನಾಲ್ಕನೆಯ ಲೂಯಿಯ ಸೇನೆಗಳು ಗಡಿ ದಾಟದೆ ಇದ್ದಿದ್ದರೆ ಫ್ರೆಂಚಿಗೂ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲ. ಆದರೆ ಅಂಜಿಕೆಯಿಂದ ಮಾಡಿದ ಅನುಕರಣೆ ಅಂಜಿಕೆ ಹೋದ ಮೇಲೆ ನಿಲ್ಲಬೇಕಲ್ಲ? ಕಂಪ್ಲಿಯಿಂದ ಹೊಳೆಯ ಮೇಲ್ಗಡೆ ಕೆಲವೇ ಹರದಾರಿ ದೂರದಲ್ಲಿ ಎದ್ದ ಹೊಸ ರಾಜಧಾನಿಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ದುರ್ಬಲ ರಾಯರ ಕಾಲಕ್ಕಿಂತ ಇಮ್ಮಡಿ ದೇವರಾಯ ಮತ್ತು ಕೃಷ್ಣದೇವರಾಯನಂಥ ಬಲಿಷ್ಠರ ಕಾಲದಲ್ಲೇ ಈ ರೀತಿ ಎದ್ದು ಕಾಣುತ್ತದೆ.

ಮೊದಲ ಕುರುಹು ಬಿರುದಿನಲ್ಲಿದೆ. ಬುಕ್ಕರಾಯನ ಕಾಲದಿಂದಲೇ, ಅಂದರೆ ಹದಿನಾಲ್ಕನೆಯ ಶತಮಾನದ ನಡುಭಾಗದಿಂದಲೇ, ಶಾಸನಗಳು ರಾಯನನ್ನು ‘ಹಿಂದೂರಾಯ ಸುರತ್ರಾಣ’ ಎಂದು ಕರೆಯುತ್ತವೆ. (1377ರವರೆಗಿನ ವಿಜಯನಗರ ಶಾಸನಗಳನ್ನು ಕುರಿತ ಒಂದು ಮುಖ್ಯ ಪುಸ್ತಕ 1973ರಲ್ಲಿ ಪ್ಯಾರಿಸ್‌ನಲ್ಲಿ, ಫ್ರೆಂಚಿನಲ್ಲಿ ಬಂತು. ಬರೆದವರು ಕನ್ನಡತಿ ವಸುಂಧರಾ ಫಿಲಿಯೋಜಾ.) ಸುರತ್ರಾಣ ಎಂದರೆ ಸುರರನ್ನು ಕಾಯುವವನು, ಅದು ಅಚ್ಚ ಸಂಸ್ಕೃತ ಪದ, ಅದರಲ್ಲಿ ಸುಲ್ತಾನನನ್ನು ಹುಡುಕುವುದು ಅತಿಯಾಯಿತು ಎನ್ನುವವರಿದ್ದಾರೆ. ಸಂಸ್ಕೃತ ಬರಹಗಾರರು ದಿಲ್ಲಿಯ ಸುಲ್ತಾನರನ್ನು ಹೆಸರಿಸಲು ಬಳಸಿದ್ದೂ ಇದೇ ಪದ ಎಂಬುದನ್ನು ಅವರು ಮರೆಯುತ್ತಾರೆ. ಪದ ಎರಡು ಕಿವಿಗಳಿಗೆ ಎರಡು ಅರ್ಥ ಕೊಡುತ್ತಿತ್ತು, ಅದೇ ಅದರ ಸೊಗಸು. ಬಿರುದಿನ ಮೊದಲ ಭಾಗವನ್ನೂ ನೋಡಿ: ‘ಹಿಂದೂ’ ಎಂಬುದು ಸಿಂಧುವಿನ ಆಚೆಯವರು, ಪಾರಸೀಕರು, ನಮ್ಮವರನ್ನು ಕರೆದ ಹೆಸರು. ಹೊರಗಿನವರು ನಮಗಿಟ್ಟ ಹೆಸರನ್ನೇ ಹಣೆಯ ಮೇಲೆ ಬರೆದುಕೊಂಡು, ಅವರ ರಾಜಪದವಿಯನ್ನೇ ಅದರ ಪಕ್ಕದಲ್ಲಿಟ್ಟು, ‘ಸುಲ್ತಾನರ ಸಾಲಿನಲ್ಲಿ ನಾನೂ ಒಬ್ಬ’ ಎಂದು ಹೇಳುವ ಗತ್ತು ಅದರಲ್ಲಿದೆ. ಶರಣಾದವನು ಹೀಗೆ ಮಾತನಾಡುವುದಿಲ್ಲ.

ಎರಡನೆಯದು ಉಡುಗೆ. ಹಂಪಿಯ ಸಭೆಗೆ ಹೋಗುವವರು ತೊಡುತ್ತಿದ್ದದ್ದು ಕಬಾಯಿ ಎಂಬ ನಿಲುವಂಗಿ. ತಲೆಗೆ ಇಡುತ್ತಿದ್ದದ್ದು ಕುಲಾಯಿ ಎಂಬ ಎತ್ತರದ ಮೊನಚು ಟೊಪ್ಪಿಗೆ. ಮೊದಲನೆಯ ಪದ ಅರಬ್ಬೀ ‘ಕಬಾ’, ಎರಡನೆಯದು ಪಾರಸೀ ‘ಕುಲಾಹ್’. ಕರ್ನಾಟ ರಾಯರ ದರ್ಶನಕ್ಕಾಗಿ ಕುಲ್ಲಾಯಿ ಇಟ್ಟುಕೊಳ್ಳಬೇಕಾದ ಪಾಡನ್ನು ಹೇಳುವ ಚಾಟು ಪದ್ಯವೊಂದು ತೆಲುಗಿನ ಶ್ರೀನಾಥ ಕವಿಯ ಹೆಸರಿನಲ್ಲಿದೆ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಈ ಟೊಪ್ಪಿಗೆಯವರು ಸಾಲಾಗಿ ನಿಂತಿದ್ದಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಜರತಾರಿಯ ಟೊಪ್ಪಿಗೆ ಇಟ್ಟಿದ್ದನೆಂದೂ ಬರಿಗಾಲಿನಲ್ಲಿದ್ದನೆಂದೂ ಬರೆದಿಟ್ಟ. ಆ ಬರಹ ಉಳಿದುಬಂದದ್ದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿಯಲ್ಲಿ. ಇಷ್ಟೆಲ್ಲ ಏಕೆ ಬೇಕಾಗಿತ್ತು? ಕುದುರೆ ಬರುತ್ತಿದ್ದದ್ದು ಅರಬಸ್ತಾನ, ಪಾರಸದ ಕಡೆಯಿಂದ. ಗೋವೆಯ ದಾರಿಯಲ್ಲಿ ಬಂದವರು ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವನ್ನು, ಇಂದಿನ ಹೊಸಪೇಟೆಯನ್ನು, ಹಾದೇ ರಾಜಧಾನಿ ಸೇರುತ್ತಿದ್ದರು. 1443ರಲ್ಲಿ ಹೆರಾತಿನ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಗೆ ಬಂದು ಮಹಾನವಮಿಯನ್ನು ಕಂಡ. ಹೆರಾತ್, ಶಿರಾಜ್, ಬೀದರ್‌ಗಳಿಂದ ಬಂದ ವರ್ತಕನಿಗೂ ದೂತನಿಗೂ ಎದುರಿರುವವನು ದೊಡ್ಡ ದೊರೆ ಎಂದು ನೋಡಿದೊಡನೆ ತಿಳಿಯಬೇಕಿತ್ತು. ಪೀಟರ್ಸ್‌ಬರ್ಗಿನ ಸಿರಿವಂತರು ವರ್ಸಾಯ್‌ನ ರೀತಿಯನ್ನು ಅನುಸರಿಸಿದ್ದೂ ಇದೇ ಲೆಕ್ಕದಲ್ಲಿ.

ಇನ್ನು ಕಟ್ಟಡಗಳು. ಕಮಲಮಹಲಿನ ಕಮಾನುಗಳು, ಆನೆ ಲಾಯದ ಹನ್ನೊಂದು ಕೋಣೆಗಳ ಮೇಲಿನ ಗುಮ್ಮಟಗಳು, ರಾಣಿಯರ ಸ್ನಾನಗೃಹದ ಗಾರೆಯ ಕೆಲಸ ಎಲ್ಲವೂ ಸುಲ್ತಾನರ ಶೈಲಿಯಲ್ಲಿವೆ. ಇವನ್ನು ವಿಜಯನಗರ ಸೋತ 1565ರ ಯುದ್ಧದ ನಂತರ ಗೆದ್ದ ಸುಲ್ತಾನರು ಕಟ್ಟಿಸಿರಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಸುಟ್ಟು ಹಾಳುಬಿದ್ದ ಊರಿನಲ್ಲಿ ಯಾರು, ಯಾರ ಆನೆಗಳಿಗಾಗಿ ಅಷ್ಟು ದೊಡ್ಡ ಲಾಯ ಕಟ್ಟಿಸುತ್ತಾರೆ? ಕಮಲಮಹಲನ್ನೇ ಕೂತು ನೋಡಿದರೆ ಉತ್ತರ ಸಿಗುತ್ತದೆ. ಕಮಾನು ಹೊರಗಿನದು, ಆದರೆ ತಳದ ಮೂಲೆಮೂಲೆಯಾಗಿ ಮಡಿಸಿದ ಜಗತಿ ದೇವಾಲಯದ್ದು, ನೆತ್ತಿಯ ಶಿಖರಗಳೂ ದೇವಾಲಯದ ಮಾದರಿಯವೇ. ಬಿಜಾಪುರದಲ್ಲಾಗಲಿ ಬೀದರಿನಲ್ಲಾಗಲಿ ಇಂಥ ಕಟ್ಟಡ ಇಲ್ಲ. ಎರಡೂ ಕುಶಲತೆಗಳು ಕೈವಶವಾಗಿದ್ದ ಹಂಪಿಯಲ್ಲಿ ಮಾತ್ರ ಇದು ಹುಟ್ಟಬಹುದಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಎಂದರೆ, ಈ ಶೈಲಿ ಎಲ್ಲಿ ಇಲ್ಲ ಎಂಬುದು. ವಿರೂಪಾಕ್ಷ, ವಿಠ್ಠಲ, ಹಜಾರರಾಮ ಗುಡಿಗಳ ಗರ್ಭಗೃಹ, ಮಂಟಪಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಅದೇ ಹಳೆಯ ಕ್ರಮ. ಅರಸನ ಮನೆಗೆ ಕಮಾನು, ದೇವರ ಮನೆಗೆ ಕಂಬ. ಹೇರಿಕೆಯಾಗಿದ್ದರೆ ಈ ಗೆರೆ ಇಷ್ಟು ನಿಚ್ಚಳವಾಗಿ ಉಳಿಯುತ್ತಿರಲಿಲ್ಲ.

ಗೆರೆಯನ್ನು ಆ ಕಡೆಯಿಂದ ದಾಟಿದವನೂ ಒಬ್ಬನಿದ್ದಾನೆ. ಇಮ್ಮಡಿ ದೇವರಾಯ ತನ್ನ ಸೇನೆಗೆ ಮುಸ್ಲಿಂ ಬಿಲ್ಲುಗಾರರನ್ನೂ ರಾವುತರನ್ನೂ ಸೇರಿಸಿಕೊಂಡಿದ್ದ, ಅವರ ಸಮಾಧಾನಕ್ಕೆ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆ ರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಒಂದು ಮಸೀದಿ ಕಟ್ಟಿಸಿದ. ಅದಕ್ಕೆ ಗುಮ್ಮಟವಿಲ್ಲ, ಕಮಾನಿನ ಸಾಲಿಲ್ಲ. ನೋಡಿದರೆ ಗುಡಿಯ ಮಂಟಪ. ಅದರ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಧರ್ಮಸಾಲೆ ಎನ್ನುತ್ತದೆ, ರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಬರ್ಲಿನ್ನಿಗೂ ಹಂಪಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಫ್ರೆಡೆರಿಕ್ ತನ್ನ ತಾಯ್ನುಡಿಯನ್ನು ಬರಹಕ್ಕೆ ತಕ್ಕದ್ದಲ್ಲ ಎಂದು ಬದಿಗಿಟ್ಟ. ರಾಯರು ಉಡುಗೆ, ಬಿರುದು, ಕಟ್ಟಡ ತೆಗೆದುಕೊಂಡರೇ ಹೊರತು ನುಡಿಯನ್ನು ಬಿಟ್ಟುಕೊಡಲಿಲ್ಲ. ದಾನ ಕೊಟ್ಟದ್ದನ್ನು, ಕೆರೆ ಕಟ್ಟಿದ್ದನ್ನು ಕಲ್ಲಿನ ಮೇಲೆ ಬರೆಸಿದ್ದು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿ.

ಪಾರಸೀ ಮಾತುಗಳು ನಮ್ಮ ನಾಲಗೆಗೆ ಹೆಚ್ಚಾಗಿ ಹತ್ತಿದ್ದು ಆಮೇಲೆ, ಬಿಜಾಪುರದ, ಮರಾಠರ, ಹೈದರನ, ಕಂಪನಿಯ ದಫ್ತರಗಳ ಮೂಲಕ. ಸಂಡೂರಿನ ಘೋರ್ಪಡೆ ದೊರೆಗಳು ಮನೆಯಲ್ಲಿ ಮರಾಠಿಯವರು, ಆಳಿದ್ದು ಕನ್ನಡಿಗರನ್ನು, ಹೊತ್ತ ಬಿರುದು ‘ಹಿಂದೂರಾವ್ ಮಮಲಕತ್‌ಮದಾರ್ ಸೇನಾಪತಿ’. ಬುಕ್ಕರಾಯನಿಗೂ ಅವರಿಗೂ ವಂಶದ ಸಂಬಂಧವಿಲ್ಲ. ಪಾರಸೀಕ ಪದವೂ ಸಂಸ್ಕೃತ ಪದವೂ ಒಂದೇ ಹಗ್ಗದಲ್ಲಿ ಹೊಸೆದ ಬಿರುದು ಮಾತ್ರ ಅದೇ ಜಾತಿಯದು. ಆ ಸಂಸ್ಥಾನ 1949ರವರೆಗೂ ಇತ್ತು. 1837ರಲ್ಲಿ ಕಂಪನಿ ಸರ್ಕಾರ ಪಾರಸೀಯನ್ನು ಆಡಳಿತದಿಂದ ತೆಗೆಯುವ ದಾರಿ ಹಿಡಿದ ಮೇಲೂ ಜಮೀನು, ಅರ್ಜಿ, ದರಖಾಸ್ತು, ಜಮಾಬಂದಿ, ತಹಸೀಲ್ದಾರ ಹೋಗಲಿಲ್ಲ. ಕಂಪ್ಲಿಯ ರೈತ ಇವತ್ತು ತಾಲ್ಲೂಕು ಕಚೇರಿಯಲ್ಲಿ ಆಡುವ ಮಾತಿನಲ್ಲಿ ಇವೆಲ್ಲ ಕನ್ನಡವೇ. ಕುಲಾಯಿಯೂ ಹೋಗಲಿಲ್ಲ. ರಾಯನ ತಲೆಯಿಂದ ಇಳಿದು, ಕುಲಾವಿಯಾಗಿ, ತೊಟ್ಟಿಲ ಕೂಸಿನ ನೆತ್ತಿಗೆ ಬಂತು.

ತಿರುಮಲೆಯ ಗುಡಿಯಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆ ಇದೆ, ಎಡಬಲಕ್ಕೆ ತಿರುಮಲದೇವಿ, ಚಿನ್ನಾದೇವಿಯರು. ದೇವರ ಮುಂದೆ ಕೈಮುಗಿದು ನಿಂತ ಭಂಗಿ. ಗುಡಿಗೆ ತಕ್ಕಂತೆ ಕಬಾಯಿಯನ್ನು ಕಳಚಿದ್ದಾನೆ, ಎದೆ ಬರಿದು. ತಲೆಯ ಮೇಲಿನ ಎತ್ತರದ ಟೊಪ್ಪಿಗೆಯನ್ನು ತೆಗೆದಿಲ್ಲ.