ಗೊಂಬೆಗಳ ಕಾಲಡಿಯ ರಾಗಿ ಪೈರು

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ಹಳೆಯ ಮೈಸೂರು ಸೀಮೆಯ ಮನೆಗಳ ಸಂಭ್ರಮ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಾದ ರಾಜ, ರಾಣಿ. ಕೆಳಗೆ ದೇವರುಗಳು, ಶೆಟ್ಟಿ ದಂಪತಿಯ ಅಂಗಡಿ, ಚನ್ನಪಟ್ಟಣದ ಅರಗುಬಣ್ಣದ ಆಟಿಕೆಗಳು. ಇವುಗಳ ಬಗ್ಗೆ ಸಾಕಷ್ಟು ಬರೆದವರಿದ್ದಾರೆ. ಆದರೆ ಮೆಟ್ಟಿಲ ಬುಡದಲ್ಲಿ ಮಕ್ಕಳು ಮಾಡುವ 'ಪಾರ್ಕ್', ಅದರಲ್ಲಿ ನಳನಳಿಸುವ ಹುಲ್ಲು ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ.

ಅದು ಹುಲ್ಲಲ್ಲ, ರಾಗಿ. ಅರಸೀಕೆರೆಯಂಥ ಬಯಲುಸೀಮೆಯ ಊರಿನಲ್ಲಿ ಅದಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಇಣುಕುತ್ತದೆ. ತಟ್ಟೆಯಲ್ಲಿ ಮಣ್ಣು ಹರಡಿ, ಮೊಳಕೆ ಒತ್ತಾಗಿ ಚೆಲ್ಲಿ, ಕೈಯಲ್ಲೇ ನೀರು ಚಿಮುಕಿಸಬೇಕು. ವಾರದೊಳಗೆ ಬೆರಳುದ್ದದ ಪೈರು ಎದ್ದು ನಿಲ್ಲುತ್ತದೆ. ಕತ್ತಲಲ್ಲಿಟ್ಟರೆ ಹಳದಿ, ಬಿಸಿಲು ತೋರಿಸಿದರೆ ಹಸಿರು. ಸಾಸಿವೆಯೂ ಬೇಗ ಮೊಳೆಯುತ್ತದೆ. ಆದರೆ ಅದರದು ಜೋಡಿ ಎಲೆ. ರಾಗಿ ಹುಲ್ಲಿನ ಜಾತಿಯದೇ ಆದ್ದರಿಂದ ಅದರ ಎಳೆಗರಿ ಗರಿಕೆಯಂತೆಯೇ ಕಾಣುತ್ತದೆ. ಒಂದೇ ಎಚ್ಚರ: ಮಣ್ಣಿನ ಗೊಂಬೆಯ ಬುಡಕ್ಕೆ ತೇವ ತಾಗಿದರೆ ಬಣ್ಣ ಬಿಡುತ್ತದೆ.

ನವರಾತ್ರಿಗೂ ಮೊಳಕೆಗೂ ಇರುವ ನಂಟು ಮಕ್ಕಳಾಟಕ್ಕಿಂತ ಹಳೆಯದು. ಉತ್ತರ ಕರ್ನಾಟಕದ ಮನೆಗಳಲ್ಲಿ ಘಟಸ್ಥಾಪನೆಯ ದಿನ ಕಲಶದ ಸುತ್ತ ಮಣ್ಣು ಹಾಕಿ ಧಾನ್ಯ ಬಿತ್ತುತ್ತಾರೆ. ಒಂಬತ್ತು ದಿನ ಬೆಳೆದ ಸಸಿಯನ್ನು ಹಬ್ಬದ ಕೊನೆಗೆ ಪ್ರಸಾದವೆಂದು ಮುಡಿಯುತ್ತಾರೆ. ದೇವಾಲಯದ ಉತ್ಸವಗಳ ಮೊದಲಿಗೆ ನಡೆಯುವ ಅಂಕುರಾರ್ಪಣೆಯೂ ಇದೇ ಬಗೆಯದು. ಕಾಳು ಮೊಳೆಯುವುದು ಶುಭದ ಗುರುತು. ಗೊಂಬೆಮನೆಯ ರಾಗಿ ಪಾತಿಗೆ ಮಂತ್ರವಿಲ್ಲ, ಮಡಿಯಿಲ್ಲ. ಆದರೆ ಕಾಳು, ಮಣ್ಣು, ನೀರು, ದಿನಗಳ ಲೆಕ್ಕ ಎಲ್ಲವೂ ಅದೇ.

'ಪಾರ್ಕ್' ಎಂಬ ಹೆಸರು ಮಾತ್ರ ಅಷ್ಟು ಹಳೆಯದಲ್ಲ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್ ಆದದ್ದು 1870ರಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ (1926–1941) ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಅರಳಿತು. ಹುಲ್ಲುಹಾಸು, ಕಾರಂಜಿ, ನೇರ ಹಾದಿ ಜನರ ಕಣ್ಣಿಗೆ ಪರಿಚಿತವಾದವು. ಗೊಂಬೆಗಳ ಪಾರ್ಕಿನಲ್ಲಿ ಕನ್ನಡಿಯ ಚೂರು ಕೊಳವಾಗುವುದು, ಮರಳಿನ ಹಾದಿ ಎರಡು ಹುಲ್ಲುಹಾಸುಗಳ ನಡುವೆ ಸಾಗುವುದು ನೋಡಿದರೆ, ಹಳೆಯ ಅಂಕುರ ಹೊಸ ಉದ್ಯಾನದ ವೇಷ ತೊಟ್ಟಿತೆನ್ನಬಹುದು.

ಪುಟ್ಟ ಬೊಂಬೆಯ ಕಾಲಡಿ ಹುಲ್ಲು ಹೊಂದಿಸುವ ಹವ್ಯಾಸ ಹೊರದೇಶಗಳಲ್ಲೂ ಉಂಟು. ಆಟಿಕೆ ರೈಲು, ಸೈನಿಕರ ಬೊಂಬೆಗಳ ಹವ್ಯಾಸಿಗಳು ಹಿಂದೆ ಹಸಿರು ಬಣ್ಣದ ಮರದ ಪುಡಿ ಉದುರಿಸುತ್ತಿದ್ದರು. ಈಗ ನೈಲಾನ್ ಎಳೆಗಳು ಬಂದಿವೆ. ಅಂಟು ಬಳಿದು, ಸಾವಿರಾರು ವೋಲ್ಟಿನ ಸ್ಥಿರವಿದ್ಯುತ್ತನ್ನು ಎಳೆಗಳಿಗೆ ಹಾಯಿಸಿ ಉದುರಿಸಿದರೆ, ಪ್ರತಿಯೊಂದು ಎಳೆಯೂ ನೆಟ್ಟಗೆ ನಿಂತು ಅಂಟಿಕೊಳ್ಳುತ್ತದೆ. ಬಾಚಣಿಗೆಗೆ ಕೂದಲು ನಿಮಿರುವಂಥದೇ ತತ್ತ್ವ. ಆ ಹುಲ್ಲು ಬಾಡುವುದಿಲ್ಲ.

ನಮ್ಮಲ್ಲೂ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಗೊಂಬೆಮನೆಗೆ ಬಂದಿದೆ. ಅನುಕೂಲವೇನೋ ಸರಿ, ಕತ್ತರಿಸಿ ಹಾಸಿದರೆ ಐದು ನಿಮಿಷದ ಕೆಲಸ. ಆದರೆ ಹಬ್ಬಕ್ಕೆ ವಾರ ಮೊದಲೇ ರಾಗಿ ನೆನೆಸಿ, ಬೆಳಿಗ್ಗೆ ಎದ್ದೊಡನೆ ಎಷ್ಟು ಬೆಳೆದಿದೆ ಎಂದು ಬಗ್ಗಿ ನೋಡುವ ಮಗು ಕಲಿಯುವ ಕಾಯುವಿಕೆ ಆ ಚಾಪೆಯಲ್ಲಿ ಇಲ್ಲ. ಹೊರಗೆ ಮಳೆ ನಂಬಿದ ಹೊಲದಲ್ಲಿ ರಾಗಿ ತೆನೆಗೆ ಬರುವ ಹೊತ್ತಿಗೇ ಒಳಗೆ ತಟ್ಟೆಯಲ್ಲಿ ಅದೇ ಕಾಳು ಮೊಳೆಯುತ್ತದೆ ಎಂಬ ತಿಳಿವೂ ಇಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದನ್ನು ಚರಿತ್ರೆ ಬರೆದಿಟ್ಟಿದೆ. ಅರಸೀಕೆರೆಯಲ್ಲಿ 1220ರ ಸುಮಾರಿನ ಹೊಯ್ಸಳ ಶಿವಾಲಯ ಕಲ್ಲಿನಲ್ಲಿ ನಿಂತಿದೆ. ಹೆಂಗಸರೂ ಮಕ್ಕಳೂ ಬೆಳೆಸಿದ ರಾಗಿ ಪಾತಿಗೆ ಶಾಸನವಿಲ್ಲ. ಹಬ್ಬ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದಾಗ ಅದು ಹಸುವಿನ ಬಾಯಿಗೋ ತೆಂಗಿನ ಬುಡಕ್ಕೋ ಹೋಗುತ್ತದೆ. ಅದು ಉಳಿಯುವ ದಾರಿ ಒಂದೇ, ಮರುವರ್ಷ ಮತ್ತೆ ಯಾರಾದರೂ ಒಂದು ಹಿಡಿ ರಾಗಿ ನೆನೆಸುವುದು.