ಯೂನಿವರ್ಸಲ್ ರಿಮೋಟನ್ನು ಕೊಂಡವರ ಚರಿತ್ರೆ

ಗೃಹೋಪಯೋಗಿ ವಸ್ತುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಒಂದು ತೊಡಕು ಮೊದಲಿಗೇ ಎದುರಾಗುತ್ತದೆ. ವಸ್ತುವನ್ನು ಮಾಡಿದವರ ದಾಖಲೆಗಳು ಉಳಿದುಬರುತ್ತವೆ. ಕೊಂಡು ಬಳಸಿದವರ ದಾಖಲೆಗಳು ಬಹುಮಟ್ಟಿಗೆ ಕಸದ ಬುಟ್ಟಿಯನ್ನು ಸೇರುತ್ತವೆ. ಪೇಟೆಂಟ್ ಪತ್ರಗಳು, ಕಂಪನಿಗಳ ಪ್ರಕಟಣೆಗಳು, ಜಾಹೀರಾತುಗಳು ಇವೆಲ್ಲ ಸುಲಭವಾಗಿ ದೊರೆಯುವ ಆಧಾರಗಳು. ಕೊಂಡವನು ಆ ವಸ್ತುವಿನೊಡನೆ ಹೇಗೆ ಹೆಣಗಿದನು, ಯಾವ ಉಪಾಯದಿಂದ ಅದನ್ನು ಪಳಗಿಸಿದನು ಎಂಬುದಕ್ಕೆ ಆಧಾರಗಳಾದರೋ ಬ್ಯಾಟರಿಯ ಮುಚ್ಚಳದ ಒಳಗೆ ಅಂಟಿಸಿದ ಚೀಟಿ, ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮೂರು ಅಂಕೆ, ಬೇಡದ ಗುಂಡಿಯ ಮೇಲೆ ಹಚ್ಚಿದ ಟೇಪಿನ ತುಂಡು, ಇಂಥವು. ಪ್ರಕೃತ ಲೇಖನದಲ್ಲಿ ನಾವು ಅಂಥ ಒಂದು ಸಣ್ಣ ವಸ್ತುವನ್ನು, ಎಂದರೆ ಮನೆಯ ಟೆಲಿವಿಷನ್, ವಿಡಿಯೋ ಯಂತ್ರ, ಧ್ವನಿಯಂತ್ರ ಎಲ್ಲವನ್ನೂ ಒಂದೇ ಕೈಯಿಂದ ಆಳಲೆಂದು ಹುಟ್ಟಿದ ಯೂನಿವರ್ಸಲ್ ರಿಮೋಟನ್ನು, ಕೊಂಡವರ ಕಡೆಯಿಂದ ನೋಡಲು ಯತ್ನಿಸಿದ್ದೇವೆ. ಈ ಚರಿತ್ರೆಯ ಬಹುಭಾಗ ಅಮೆರಿಕದಲ್ಲಿ ನಡೆದುದು. ಅದರ ಉದ್ದಕ್ಕೂ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ: ಮನೆಯಲ್ಲಿ ಯಾವ ಯಾವ ಯಂತ್ರವಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಹೊಣೆ ಯಾರದು?

ಪೂರ್ವಪೀಠಿಕೆಯನ್ನು ಸಂಕ್ಷೇಪವಾಗಿ ಹೇಳಬಹುದು. ಷಿಕಾಗೋ ನಗರದ ಜೆನಿತ್ ಕಂಪನಿಯು ೧೯೫೦ರಲ್ಲಿ ‘ಲೇಜಿ ಬೋನ್ಸ್’ ಎಂಬ ಹೆಸರಿನ, ತಂತಿಯಿಂದ ಟೆಲಿವಿಷನ್ನಿಗೆ ಜೋಡಿಸಿದ ರಿಮೋಟನ್ನು ಮಾರುಕಟ್ಟೆಗೆ ತಂದಿತು. ನೆಲದ ಮೇಲೆ ಹಾಯ್ದ ತಂತಿಯನ್ನು ಎಡವಿದವರ ದೂರುಗಳು ಬಂದವು. ೧೯೫೫ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರು ಬೆಳಕಿನ ಕಿರಣವನ್ನು ಪರದೆಯ ನಾಲ್ಕು ಮೂಲೆಗಳಿಗೆ ಬೀರುವ ‘ಫ್ಲ್ಯಾಷ್-ಮ್ಯಾಟಿಕ್’ ಅನ್ನು ಮಾಡಿದನು. ಇದಕ್ಕೆ ಸೂರ್ಯನ ಬೆಳಕಿಗೂ ಯಜಮಾನನ ಬೆಳಕಿಗೂ ಭೇದ ತಿಳಿಯಲಿಲ್ಲ. ಮರುವರ್ಷ ರಾಬರ್ಟ್ ಆಡ್ಲರ್ ಎಂಬ ವಿಜ್ಞಾನಿ ಅಲ್ಯೂಮಿನಿಯಂ ಸಲಾಕೆಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು ಶ್ರವಣಾತೀತ ಧ್ವನಿಯನ್ನು ಹೊರಡಿಸುವ ‘ಸ್ಪೇಸ್ ಕಮಾಂಡ್’ ಅನ್ನು ರೂಪಿಸಿದನು. ಇದಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಬೀಗದ ಕೈಗಳ ಗೊಂಚಲು ಝಣಗುಟ್ಟಿದರೂ ಒಮ್ಮೊಮ್ಮೆ ಟೆಲಿವಿಷನ್ ಓಗೊಡುತ್ತಿದ್ದಿತು. ಈ ಮೂರೂ ಒಂದು ಯಂತ್ರಕ್ಕೆ ಒಂದು ರಿಮೋಟು ಎಂಬ ಕಾಲದವು. ನಾಲ್ಕು ಗುಂಡಿಗಳ ವಿಷಯದಲ್ಲಿ ನೆನಪಿಡಬೇಕಾದುದು ವಿಶೇಷವೇನೂ ಇರಲಿಲ್ಲ.

ಅವಕೆಂಪು ಕಿರಣದ ರಿಮೋಟು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇದರಲ್ಲಿ ಕಣ್ಣಿಗೆ ಕಾಣದ ಬೆಳಕು ಸೆಕೆಂಡಿಗೆ ಸುಮಾರು ೩೮ ಸಾವಿರ ಸಲ ಮಿಡಿಯುತ್ತದೆ. ಆ ಮಿಡಿತಗಳ ಗುಂಪುಗಳೂ ನಡುವಣ ಬಿಡುವುಗಳೂ ಸೇರಿ ಒಂದು ಸಂಕೇತವಾಗುತ್ತವೆ. ಪಕ್ಕದ ಯಂತ್ರ ತಪ್ಪಾಗಿ ಓಗೊಡದಿರಲು ಒಂದೊಂದು ಕಂಪನಿಯೂ ತನ್ನದೇ ಸಂಕೇತಪದ್ಧತಿಯನ್ನು ಇಟ್ಟುಕೊಂಡಿತು. ಫಿಲಿಪ್ಸ್ ಕಂಪನಿಯ ಪದ್ಧತಿ ಒಂದು, ಜಪಾನಿನ ಎನ್‌ಇಸಿ ಕಂಪನಿಯದು ಮತ್ತೊಂದು. ೧೯೮೦ರ ದಶಕದಲ್ಲಿ ಅಮೆರಿಕದ ಮಧ್ಯಮವರ್ಗದ ಮನೆಗಳಿಗೆ ವಿಡಿಯೋ ಕ್ಯಾಸೆಟ್ ಯಂತ್ರ, ಕೇಬಲ್ ಪೆಟ್ಟಿಗೆ, ಸಿ.ಡಿ. ಯಂತ್ರ ಒಂದಾದ ಮೇಲೊಂದು ಬಂದು ಸೇರಿದವು. ಪ್ರತಿಯೊಂದರ ಜೊತೆಗೂ ಒಂದೊಂದು ರಿಮೋಟು. ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದು. ಯೂನಿವರ್ಸಲ್ ರಿಮೋಟು ಹುಟ್ಟಿದುದು ಈ ಭಾಷಾಭೇದದಿಂದ.

೧೯೮೫ರಲ್ಲಿ ಫಿಲಿಪ್ಸ್ ಕಂಪನಿಯ ಅಮೆರಿಕದ ಶಾಖೆಯು ಮ್ಯಾಗ್ನಾವಾಕ್ಸ್ ಎಂಬ ಹೆಸರಿನಲ್ಲಿ ತನ್ನ ಯೂನಿವರ್ಸಲ್ ರಿಮೋಟನ್ನು ಹೊರತಂದಿತು. ೧೯೮೭ರಲ್ಲಿ, ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬನಾದ ಸ್ಟೀವ್ ವೋಜ್ನಿಯಾಕ್, ತಾನು ಹೊಸದಾಗಿ ಕಟ್ಟಿದ ಸಿಎಲ್ ನೈನ್ ಎಂಬ ಸಂಸ್ಥೆಯಿಂದ ‘ಕೋರ್’ ಎಂಬ ರಿಮೋಟನ್ನು ತಂದನು. ಇದು ಇತರ ರಿಮೋಟುಗಳ ಸಂಕೇತವನ್ನು ಕೇಳಿ ಕಲಿಯುತ್ತಿದ್ದಿತು; ಬೇಕಾದರೆ ಗಣಕಯಂತ್ರಕ್ಕೆ ಜೋಡಿಸಿಕೊಳ್ಳಬಹುದಾಗಿದ್ದಿತು. ಬಲ್ಲವರು ಇದನ್ನು ಬಹಳವಾಗಿ ಮೆಚ್ಚಿದರು. ಸಾಮಾನ್ಯ ಗೃಹಸ್ಥನಿಗೆ ಮಾತ್ರ ಇದರ ಕ್ರಮ ಜಟಿಲವಾಗಿ ತೋರಿತು; ಸಂಸ್ಥೆ ಬಹುಕಾಲ ಬಾಳಲಿಲ್ಲ. ಇಲ್ಲಿ ಯಂತ್ರದ ಗುಣದೋಷಕ್ಕಿಂತ ಮುಖ್ಯವಾದುದು, ಅದು ತನ್ನನ್ನು ಕೊಂಡವನಿಂದ ಏನನ್ನು ನಿರೀಕ್ಷಿಸಿತು ಎಂಬುದು. ಅವನು ಎರಡು ರಿಮೋಟುಗಳನ್ನು ಮೇಜಿನ ಮೇಲೆ ಮುಖಾಮುಖಿಯಾಗಿ ಇರಿಸಿ, ಒಂದೊಂದೇ ಗುಂಡಿಯನ್ನು ಒತ್ತಿ, ಪಾಠ ಹೇಳಿಕೊಡಬೇಕಾಗಿದ್ದಿತು. ಉಪಾಧ್ಯಾಯ ವೃತ್ತಿಯವರಾದ ನಮಗೆ ಈ ಚಿತ್ರ ಅಪರಿಚಿತವೇನಲ್ಲ. ಕೋಣೆಯ ಟ್ಯೂಬ್‌ಲೈಟು ಅಡ್ಡಬಂದರೆ ಪಾಠ ಕೆಡುತ್ತಿದ್ದಿತು. ಮೊದಲ ತಲೆಮಾರಿನ ಹಲವು ಕಲಿಯುವ ರಿಮೋಟುಗಳು ಬ್ಯಾಟರಿ ಬರಿದಾದೊಡನೆ ಕಲಿತುದೆಲ್ಲವನ್ನೂ ಮರೆಯುತ್ತಿದ್ದವು. ಆಗ ಹಳೆಯ ರಿಮೋಟುಗಳನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು ಮೊದಲಿನಿಂದ ಪಾಠ ಹೇಳಬೇಕು. ಹೊಸ ರಿಮೋಟನ್ನು ಕೊಂಡವರು ಹಳೆಯವನ್ನು ಎಸೆಯಲಾರದೆಹೋದುದಕ್ಕೆ ಇದೊಂದು ಕಾರಣ.

ಅಗ್ಗದ ರಿಮೋಟುಗಳು ಬೇರೊಂದು ಮಾರ್ಗವನ್ನು ಹಿಡಿದವು. ೧೯೮೬ರಲ್ಲಿ ಸ್ಥಾಪಿತವಾದ ಯೂನಿವರ್ಸಲ್ ಎಲೆಕ್ಟ್ರಾನಿಕ್ಸ್ ಎಂಬ ಅಮೆರಿಕದ ಕಂಪನಿಯು ನೂರಾರು ಯಂತ್ರಗಳ ಸಂಕೇತಗಳನ್ನು ರಿಮೋಟಿನೊಳಗೇ ತುಂಬಿ ‘ಒನ್ ಫಾರ್ ಆಲ್’ ಎಂಬ ಹೆಸರಿನಲ್ಲಿ ಮಾರಿತು. ಕೊಂಡವನು ಜೊತೆಗೆ ಬಂದ ಪಟ್ಟಿಯಲ್ಲಿ ತನ್ನ ಟೆಲಿವಿಷನ್ನಿನ ಹೆಸರನ್ನು ಹುಡುಕಿ, ಎದುರಿಗೆ ಅಚ್ಚಾದ ಅಂಕೆಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸಬೇಕು. ಒಂದು ಅಂಕೆಗೆ ಧ್ವನಿ ಹೆಚ್ಚುತ್ತದೆ, ಚಾನಲ್ ಬದಲಾಗದು. ಮತ್ತೊಂದಕ್ಕೆ ಎಲ್ಲವೂ ಸರಿ, ಮೆನು ಮಾತ್ರ ಬಾರದು. ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಯಂತ್ರ ಆರುವವರೆಗೆ ಒಂದೇ ಗುಂಡಿಯನ್ನು ನೂರಾರು ಸಲ ಒತ್ತುತ್ತ ಕೂರಬೇಕು. ಕಡೆಗೆ ದೊರೆತ ಅಂಕೆಯನ್ನು ಬರೆದಿಟ್ಟುಕೊಳ್ಳದಿದ್ದವನು ಮುಂದಿನ ವರ್ಷ ಇದೇ ತಪಸ್ಸನ್ನು ಪುನಃ ಮಾಡಬೇಕು. ಹೀಗೆ ರಿಮೋಟು ಜಗತ್ತಿನ ಯಂತ್ರಗಳನ್ನೆಲ್ಲ ನೆನಪಿಟ್ಟುಕೊಂಡಿದ್ದರೂ ತನ್ನ ಮನೆಯ ಯಂತ್ರ ಯಾವುದೆಂಬುದನ್ನು ಕೊಂಡವನೇ ತಿಳಿಸಬೇಕಾಗಿದ್ದಿತು.

ಇದಕ್ಕಿಂತ ಆಳವಾದ ಒಂದು ತೊಡಕನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ಅವಕೆಂಪು ರಿಮೋಟಿನ ಮಾತು ಏಕಮುಖವಾದುದು. ಅದು ಆಜ್ಞೆ ಮಾಡುತ್ತದೆ. ಆಜ್ಞೆ ನೆರವೇರಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮೇಲಾಗಿ ಹಲವು ಯಂತ್ರಗಳಲ್ಲಿ ಹೊತ್ತಿಸಲೂ ಆರಿಸಲೂ ಒಂದೇ ಸಂಕೇತ. ಮನುಷ್ಯನು ಎದುರಿನ ಪರದೆಯನ್ನು ನೋಡಿಕೊಂಡು ಗುಂಡಿಯನ್ನು ಒತ್ತುವವರೆಗೆ ಇದರಿಂದ ಬಾಧೆಯಿಲ್ಲ. ಒಂದೇ ಗುಂಡಿಯಿಂದ ಮೂರು ಯಂತ್ರಗಳನ್ನು ಹೊತ್ತಿಸುವ ಏರ್ಪಾಡು ಬಂದಾಗ ಅನರ್ಥ ತಲೆದೋರಿತು. ಟೆಲಿವಿಷನ್ ಮೊದಲೇ ಹೊತ್ತಿದ್ದರೆ ಆ ಗುಂಡಿಯಿಂದ ಅದು ಆರುತ್ತದೆ, ಉಳಿದೆರಡು ಹೊತ್ತುತ್ತವೆ. ಪುನಃ ಒತ್ತಿದರೆ ಇದು ಹೊತ್ತಿ ಅವು ಆರುತ್ತವೆ. ರಿಮೋಟನ್ನು ಬೇಗನೆ ಕೆಳಗಿರಿಸಿದರೂ, ನಡುವೆ ಯಾರಾದರೂ ಹಾಯ್ದರೂ, ಸರಣಿಯಲ್ಲಿ ಒಂದು ಆಜ್ಞೆ ದಾರಿತಪ್ಪಿ ಇದೇ ಅವಸ್ಥೆ. ಪರಿಹಾರ ಇರಲಿಲ್ಲವೆಂದಲ್ಲ. ಕೆಲವು ಯಂತ್ರಗಳು ಹೊತ್ತಿಸಲು ಒಂದು, ಆರಿಸಲು ಒಂದು ಎಂದು ಪ್ರತ್ಯೇಕ ಸಂಕೇತಗಳನ್ನು ಬಲ್ಲವಾಗಿದ್ದವು. ಆದರೆ ಅವುಗಳ ಜೊತೆಗೆ ಬಂದ ರಿಮೋಟಿನಲ್ಲಿ ಅದಕ್ಕೆ ಗುಂಡಿಯೇ ಇರುತ್ತಿರಲಿಲ್ಲ, ಕೈಪಿಡಿಯಲ್ಲಿ ಉಲ್ಲೇಖವೂ ಇರುತ್ತಿರಲಿಲ್ಲ. ಇಂಥ ಗುಪ್ತ ಸಂಕೇತಗಳನ್ನು ಒಂದೊಂದಾಗಿ ಪರೀಕ್ಷಿಸಿ ಹೊರಗೆಡಹಿದವರು ಕೊಂಡವರೇ.

ಈ ಶೋಧಕ ವರ್ಗದ ಚರಿತ್ರೆ ನಮಗೆ ಅತ್ಯಂತ ಸ್ವಾರಸ್ಯವಾಗಿ ಕಂಡಿದೆ. ೧೯೯೮ರಲ್ಲಿ ಫಿಲಿಪ್ಸ್ ಕಂಪನಿಯು ಸ್ಪರ್ಶದ ಪರದೆಯುಳ್ಳ ‘ಪ್ರಾಂಟೊ’ ರಿಮೋಟನ್ನು ತಂದಿತು. ಅದನ್ನು ಕೊಂಡವರು ತಮ್ಮ ತಮ್ಮ ಪರದೆಗಳನ್ನು ತಾವೇ ವಿನ್ಯಾಸಗೊಳಿಸಿಕೊಂಡರು, ಸಂಕೇತಗಳನ್ನು ಪರಸ್ಪರ ಹಂಚಿಕೊಂಡರು. ಪ್ರಾಂಟೊ ತನ್ನ ಸಂಕೇತಗಳನ್ನು ಬರೆಯುತ್ತಿದ್ದ ಅಂಕೆಗಳ ಲಿಪಿಯೇ ಅವರಲ್ಲಿ ಸಾಮಾನ್ಯ ಲಿಪಿಯಾಯಿತು. ಪ್ರಾಂಟೊ ತಯಾರಿಕೆ ನಿಂತುಹೋದ ಮೇಲೂ ಆ ಲಿಪಿ ಬಳಕೆಯಲ್ಲಿ ಉಳಿಯಿತು. ರಾಜ್ಯ ಅಳಿದ ಮೇಲೂ ಅದರ ಲೆಕ್ಕಪತ್ರದ ಕ್ರಮ ಉಳಿದ ಉದಾಹರಣೆಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸತಲ್ಲ. ಒನ್ ಫಾರ್ ಆಲ್ ರಿಮೋಟುಗಳ ಪ್ರಸಂಗ ಇನ್ನೂ ವಿಚಿತ್ರವಾದುದು. ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯ ಗೂಡಿನಲ್ಲಿ ಆರು ಸಣ್ಣ ಲೋಹದ ಸಂಪರ್ಕಗಳಿದ್ದವು. ಕೈಪಿಡಿ ಅವುಗಳ ವಿಷಯದಲ್ಲಿ ಮೌನ. ಕೆಲವರು ಕುತೂಹಲದಿಂದ ಅಲ್ಲಿಗೆ ತಂತಿ ಜೋಡಿಸಿ ಗಣಕಕ್ಕೆ ಸೇರಿಸಿದಾಗ, ರಿಮೋಟಿನ ಸ್ಮರಣಕೋಶವನ್ನು ಓದಲೂ ತಿದ್ದಲೂ ಸಾಧ್ಯವೆಂದು ಕಂಡುಬಂದಿತು. ಒಳಗಿನ ಫಲಕದ ಮೇಲೆ ಅಚ್ಚಾಗಿದ್ದ ‘ಜೆಪಿ ೧’ ಎಂಬ ಗುರುತೇ ಈ ಪದ್ಧತಿಗೆ ಹೆಸರಾಯಿತು. ಅಲ್ಪಬೆಲೆಯ ರಿಮೋಟು ಹೀಗೆ, ಕಂಪನಿ ಎಂದೂ ಕೊಡದಿದ್ದ ಶಕ್ತಿಗಳನ್ನು ಪಡೆಯಿತು. ಇದನ್ನು ಹವ್ಯಾಸವೆಂದು ತಳ್ಳಿಹಾಕುವವರಿರಬಹುದು. ಶಾಸನದ ಸವೆದ ಅಕ್ಷರವನ್ನು ಬೆಳಕಿಗೆ ಹಿಡಿದು ಓದುವವನ ಶ್ರದ್ಧೆಗೂ ಇದಕ್ಕೂ ನಮಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ಆದರೆ ಈ ಪಾಂಡಿತ್ಯಕ್ಕೆ ಮನೆಯೊಳಗೆ ಒಂದು ಪ್ರತಿಫಲವಿದ್ದಿತು. ಬಲ್ಲವನು ಒಬ್ಬ, ಬಳಸಬೇಕಾದವರು ನಾಲ್ವರು. ಹೆಂಡತಿ ಮಕ್ಕಳಿಗೆ, ಮುದುಕರಾದ ತಂದೆತಾಯಿಗಳಿಗೆ, ಬಂದ ನೆಂಟರಿಗೆ ಐವತ್ತು ಗುಂಡಿಗಳಲ್ಲಿ ಯಾವುದು ಯಾವ ಯಂತ್ರಕ್ಕೆ ಸಲ್ಲುತ್ತದೆಂಬುದು ತಿಳಿಯದು. ಬಲ್ಲವನು ಊರಿಗೆ ಹೋದಾಗ ಟೆಲಿವಿಷನ್ನೂ ಮೌನವ್ರತವನ್ನು ಹಿಡಿಯುತ್ತಿದ್ದಿತು, ಇಲ್ಲವೆ ಹಳೆಯ ನಾಲ್ಕು ರಿಮೋಟುಗಳು ಮತ್ತೆ ಮೇಜಿಗೆ ಬರುತ್ತಿದ್ದವು. ಒಂದೇ ರಿಮೋಟಿನಿಂದ ಎಲ್ಲರಿಗೂ ಅಧಿಕಾರ ದೊರೆಯುವುದೆಂಬ ನಿರೀಕ್ಷೆ ಹೀಗೆ ಅಧಿಕಾರವನ್ನು ಒಬ್ಬನ ಕೈಗೆ ಒಪ್ಪಿಸಿದುದುಂಟು.

ಈ ಕೊರತೆಯನ್ನು ನೀಗಲು ಬಂದುದು ‘ಹಾರ್ಮನಿ’. ಕೆನಡಾ ದೇಶದ ಒಂಟೇರಿಯೋ ಪ್ರಾಂತ್ಯದ ಇಂಟ್ರಿಗ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಇದನ್ನು ರೂಪಿಸಿತು. ೨೦೦೪ರಲ್ಲಿ ಲಾಜಿಟೆಕ್ ಕಂಪನಿ ಆ ಸಂಸ್ಥೆಯನ್ನು ಕೊಂಡಿತು. ಹಾರ್ಮನಿಯಲ್ಲಿ ಯಂತ್ರದ ಹೆಸರಿನ ಬದಲು ಕೆಲಸದ ಹೆಸರಿದ್ದಿತು: ಟೆಲಿವಿಷನ್ ನೋಡು, ಚಲನಚಿತ್ರ ನೋಡು, ಸಂಗೀತ ಕೇಳು. ಯಾವ ಯಂತ್ರ ಹೊತ್ತಿರಬೇಕು, ಯಾವುದು ಆರಿರಬೇಕು ಎಂಬ ಲೆಕ್ಕವನ್ನು ರಿಮೋಟೇ ಇಟ್ಟುಕೊಳ್ಳುತ್ತಿದ್ದಿತು. ಲೆಕ್ಕ ತಪ್ಪಿದಾಗ ಸಹಾಯದ ಗುಂಡಿಯನ್ನು ಒತ್ತಿದರೆ, ಟೆಲಿವಿಷನ್ ಹೊತ್ತಿದೆಯೇ ಎಂದು ಅದೇ ಪ್ರಶ್ನಿಸುತ್ತಿದ್ದಿತು. ಏಕಮುಖವಾದ ಮಾತಿಗೆ ಇಮ್ಮುಖ ತಂದುಕೊಡಲು ಮನುಷ್ಯನ ಕಣ್ಣನ್ನೇ ಎರವಲು ಪಡೆದ ಈ ಉಪಾಯ ಜಾಣತನದ್ದೆಂದೇ ಹೇಳಬೇಕು. ಅಂಕೆಗಳ ಪಟ್ಟಿಯೂ ತಪ್ಪಿತು. ಯಂತ್ರಗಳ ಮಾದರಿಯ ಹೆಸರನ್ನು ಕಂಪನಿಯ ಜಾಲತಾಣದಲ್ಲಿ ತುಂಬಿದರೆ ಸಂಕೇತಗಳು ಅಲ್ಲಿಂದ ಇಳಿದುಬರುತ್ತಿದ್ದವು.

ಈ ಅನುಕೂಲದ ಬೆಲೆ ತಡವಾಗಿ ತಿಳಿದುಬಂದಿತು. ಮನೆಯ ಯಂತ್ರಗಳ ವಿವರವಿದ್ದುದು ಈಗ ಕಂಪನಿಯ ಗಣಕಗಳಲ್ಲಿ. ೨೦೧೭ರ ನವೆಂಬರಿನಲ್ಲಿ ಲಾಜಿಟೆಕ್, ‘ಹಾರ್ಮನಿ ಲಿಂಕ್’ ಎಂಬ ತನ್ನ ಒಂದು ಉಪಕರಣದ ಸೇವೆ ೨೦೧೮ರ ಮಾರ್ಚ್ ತಿಂಗಳಲ್ಲಿ ನಿಲ್ಲುವುದೆಂದೂ ಅನಂತರ ಅದು ಕೆಲಸಮಾಡದೆಂದೂ ತಿಳಿಸಿತು. ಉಪಕರಣಕ್ಕೆ ಯಾವ ಕೇಡೂ ಬಂದಿರಲಿಲ್ಲ. ಕೊಂಡವರು ಪ್ರತಿಭಟಿಸಿದರು; ಕಂಪನಿ ಎಲ್ಲರಿಗೂ ಬದಲಿ ಉಪಕರಣವನ್ನು ಉಚಿತವಾಗಿ ಕೊಡಲು ಒಪ್ಪಿತು. ಹಣದ ಲೆಕ್ಕ ಇದರಿಂದ ಸರಿಹೋಯಿತೆನ್ನೋಣ. ಕೈಯಲ್ಲಿರುವ ವಸ್ತು ಯಾರದೆಂಬ ಲೆಕ್ಕ ಸರಿಹೋಗಲಿಲ್ಲ. ಬೆಲೆ ತೆತ್ತು ಕೊಂಡ ವಸ್ತುವಿನ ಮೇಲೆ ಮಾರಿದವನಿಗೆ ಉಳಿಯುವ ಈ ಹಕ್ಕನ್ನು ಹಳೆಯ ಜಹಗೀರುಗಳಿಗೆ ಹೋಲಿಸುವ ಆಸೆ ನಮಗಾಗುತ್ತದೆ. ಹೋಲಿಕೆ ಪೂರ್ತಿ ಹೊಂದದಾದ್ದರಿಂದ ಅದನ್ನು ಬೆಳೆಸುವುದಿಲ್ಲ. ೨೦೨೧ರ ಏಪ್ರಿಲಿನಲ್ಲಿ ಲಾಜಿಟೆಕ್ ಹಾರ್ಮನಿ ರಿಮೋಟುಗಳ ತಯಾರಿಕೆ ನಿಂತಿತೆಂದು ಘೋಷಿಸಿತು. ಅಷ್ಟರಲ್ಲಿ ಟೆಲಿವಿಷನ್ನಿಗೆ ಸಿಕ್ಕಿಸುವ ಹೊಸ ಉಪಕರಣಗಳಲ್ಲಿ ಹಲವು ಅವಕೆಂಪು ಕಿರಣವನ್ನೇ ತೊರೆದು ಬ್ಲೂಟೂತಿಗೆ ತಿರುಗಿದ್ದವು. ಎಚ್‌ಡಿಎಂಐ ತಂತಿಯ ಮೂಲಕ ಯಂತ್ರಗಳು ತಾವೇ ಪರಸ್ಪರ ಆಜ್ಞೆ ಮಾಡುವ ಏರ್ಪಾಡೂ ಇದ್ದಿತು. ಆದರೆ ಒಂದೇ ಏರ್ಪಾಡನ್ನು ಸೋನಿ ‘ಬ್ರೇವಿಯಾ ಸಿಂಕ್’ ಎಂದೂ ಎಲ್‌ಜಿ ‘ಸಿಂಪ್ಲಿಂಕ್’ ಎಂದೂ ಕರೆದುದರಿಂದ, ಅದು ತಮ್ಮ ಯಂತ್ರದಲ್ಲಿದೆಯೆಂಬುದೇ ಎಷ್ಟೋ ಜನರಿಗೆ ತಿಳಿಯಲಿಲ್ಲ.

ನಮ್ಮ ನಾಡಿನಲ್ಲಿ ಈ ಕಥೆ ಬೇರೆ ದಾರಿಯನ್ನು ಹಿಡಿಯಿತು. ಇಲ್ಲಿ ಬಹುಕಾಲ ಟೆಲಿವಿಷನ್ನಿಗೆ ಒಂದು ರಿಮೋಟಾದರೆ ಸಾಕಾಗಿದ್ದಿತು. ಎರಡನೆಯದು ಹಲವು ಮನೆಗಳಿಗೆ ಬಂದುದು ಸೆಟ್ ಟಾಪ್ ಬಾಕ್ಸಿನೊಡನೆ. ಬೆಂಗಳೂರು, ಮೈಸೂರುಗಳ ಕೇಬಲ್ ಜಾಲ ಡಿಜಿಟಲ್ ಆಗಲು ಸರ್ಕಾರ ಗೊತ್ತುಪಡಿಸಿದ ಗಡುವು ೨೦೧೩ರ ಮಾರ್ಚ್ ೩೧. ಬಾಕ್ಸಿನ ರಿಮೋಟುಗಳಲ್ಲಿ ಹಲವಕ್ಕೆ ಟೆಲಿವಿಷನ್ನಿನ ಸಂಕೇತವನ್ನು ಕಲಿಯಬಲ್ಲ ಕೆಲವು ಗುಂಡಿಗಳುಂಟು. ಕಲಿಸುವ ಕ್ರಮ ಅದೇ ಹಳೆಯದು: ಎರಡನ್ನು ಮುಖಾಮುಖಿಯಾಗಿ ಇಟ್ಟು ಒಂದೊಂದೇ ಗುಂಡಿಯನ್ನು ಒತ್ತುವುದು. ಎಷ್ಟೋ ಮನೆಗಳಲ್ಲಿ ಆ ಗುಂಡಿಗಳು ಇನ್ನೂ ಏನನ್ನೂ ಕಲಿಯದೆ ಉಳಿದಿವೆ. ರಿಮೋಟು ಕೆಟ್ಟರೆ ನಮ್ಮವರು ಅಂಕೆಗಳ ಪಟ್ಟಿಯನ್ನು ಹುಡುಕುವುದು ಅಪರೂಪ. ಪ್ಲಾಸ್ಟಿಕ್ ಹೊದಿಕೆ ಸಮೇತ ಹಳೆಯದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗೆ ಒಯ್ಯುತ್ತಾರೆ. ಅಂಗಡಿಯವನು ಅದರ ಆಕಾರವನ್ನೂ ಗುಂಡಿಗಳ ಸಾಲನ್ನೂ ನೋಡಿ, ಅದೇ ಸಂಕೇತದ ಮತ್ತೊಂದನ್ನು ಕಪಾಟಿನಿಂದ ತೆಗೆದುಕೊಡುತ್ತಾನೆ.